ಹಳೆ ಮಾದರಿ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಪಾಟ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೆಂಡರ್ ಕಂಪನಿಯ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್), ಟೆಲಿ (ಟೆಲಿಕಾಸ್ಟರ್), ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಗಿಟಾರ್ ಇರುವವರು ಸದ್ದು ಬದಲಾಗಬೇಕು ಅನ್ನಿಸಿದ ತಕ್ಷಣ ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಹುಡುಕಲು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಗೆಳೆಯರ ಗಿಟಾರ್ ಬಿಚ್ಚಿ ರಿಪೇರಿ ಮಾಡುತ್ತಾ ಮಾಡುತ್ತಾ ಒಂದು ವಿಷಯ ಗೊತ್ತಾಯಿತು. ಎಷ್ಟೋ ಸಲ ತೊಂದರೆ ಇರುವುದು ನಾಬ್ ಕೆಳಗೆ ಕೂತಿರುವ ಪಾಟ್‌ನಲ್ಲಿ, ಅಂದರೆ ವಾಲ್ಯೂಮ್, ಟೋನ್ ಏರಿಳಿಸುವ ಪೊಟೆನ್ಶಿಯೋಮೀಟರ್‌ನಲ್ಲಿ. ಅದನ್ನು ಕೊಳ್ಳುವಾಗ ಎಲ್ಲರೂ ಕಂಪನಿ ಹೆಸರು ಕೇಳುತ್ತಾರೆ. ಆದರೆ ಕೇಳಬೇಕಾದದ್ದು ಎರಡು: ನನ್ನ ಗಿಟಾರ್‌ನ ತೂತಿಗೆ ಅದು ಕೂರುತ್ತದಾ, ಮೀಟರ್ ಇಟ್ಟರೆ ಅದು ಎಷ್ಟು ತೋರಿಸುತ್ತದೆ.

ಪಾಟ್ ಗಿಟಾರ್ ಒಳಗೆ ಮಾಡುವುದಾದರೂ ಏನು?

ಒಳಗೆ ಕುದುರೆ ಲಾಳದ ಆಕಾರದ ಕಾರ್ಬನ್ ಪಟ್ಟಿ ಇರುತ್ತದೆ. ಅದರ ಎರಡು ತುದಿಗೆ ಎರಡು ಕಾಲು. ಪಟ್ಟಿಯ ಮೇಲೆ ಜಾರುವ ಲೋಹದ ಬೆರಳಿಗೆ ನಡುವಿನ ಕಾಲು. ವಾಲ್ಯೂಮ್ ಆದರೆ ಪಿಕಪ್‌ನಿಂದ ಬಂದ ಸಿಗ್ನಲ್ಲಿನಲ್ಲಿ ಎಷ್ಟು ಭಾಗ ಹೊರಗೆ ಹೋಗಬೇಕು ಅಂತ ಆ ಬೆರಳು ತೀರ್ಮಾನಿಸುತ್ತದೆ. ಟೋನ್ ಆದರೆ ಟ್ರೆಬಲ್‌ನಲ್ಲಿ, ಅಂದರೆ ಸದ್ದಿನ ತೀಕ್ಷ್ಣ ಅಂಶದಲ್ಲಿ, ಎಷ್ಟು ಭಾಗ ಕೆಪಾಸಿಟರ್ (ತೀಕ್ಷ್ಣ ಸದ್ದನ್ನು ಸುಲಭವಾಗಿ ಹಾದುಹೋಗಲು ಬಿಡುವ ಬಿಡಿಭಾಗ) ಮೂಲಕ ಗ್ರೌಂಡ್‌ಗೆ ಇಳಿಯಬೇಕು ಅಂತ ತೀರ್ಮಾನಿಸುತ್ತದೆ.

ಇಷ್ಟು ಬಹಳ ಜನರಿಗೆ ಗೊತ್ತು. ಇನ್ನೊಂದು ಮಾತು ಮರೆತುಹೋಗುತ್ತದೆ. ನಾಬ್ 10ರಲ್ಲಿ ಇದ್ದಾಗಲೂ ಪಾಟ್ ಸುಮ್ನೆ ಕೂತಿರುವುದಿಲ್ಲ. ಅದು ಪಿಕಪ್ ಮೇಲೆ ಒಂದು ಭಾರ. ಆ ಭಾರ ಎಷ್ಟು ಅನ್ನುವುದರ ಮೇಲೆ ಗಿಟಾರ್‌ನ ಹೊಳಪು ನಿಂತಿದೆ.

ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಬದಲಾಯಿಸಲೇಬೇಕಾ?

ತಡೆಯಿರಿ, ಮೊದಲು ಕ್ಲೀನ್ ಮಾಡಿ ನೋಡಿ. ಪಾಟ್‌ನ ಮೂರು ಕಾಲುಗಳು ಹೊರಬರುವ ಜಾಗದಲ್ಲಿ ಡಬ್ಬಿಗೆ ಒಂದು ಸಣ್ಣ ಸಂದು ಇರುತ್ತದೆ. ಪಾಟ್‌ಗಳಿಗೆ ಅಂತಲೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಅನ್ನು ಅಲ್ಲಿ ಸ್ವಲ್ಪವೇ ಸ್ಪ್ರೇ ಮಾಡಿ, ನಾಬ್ ಅನ್ನು ಈ ತುದಿಯಿಂದ ಆ ತುದಿಗೆ ಒಂದು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ತುಕ್ಕು ಬಿಡಿಸಲು ಮನೆಯಲ್ಲಿ ಇಟ್ಟುಕೊಳ್ಳುವ ಸ್ಪ್ರೇ ಬೇಡ. ಅದು ಒಳಗಿನ ಗ್ರೀಸ್ ತೊಳೆದುಬಿಡುತ್ತದೆ, ಅಂಟು ಉಳಿಸುತ್ತದೆ, ಆಮೇಲೆ ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲ ಕಳೆದ ಮೇಲೆ ಬರುವ ಕರಕರಕ್ಕೆ ಬಹುತೇಕ ಇಷ್ಟೇ ಸಾಕಾಗುತ್ತದೆ.

ಎರಡು ಸಲ ಕ್ಲೀನ್ ಮಾಡಿದ ಮೇಲೂ ಒಂದೇ ಜಾಗದಲ್ಲಿ ಸದ್ದು ಪೂರ್ತಿ ನಿಂತುಹೋದರೆ ಆ ಜಾಗದಲ್ಲಿ ಕಾರ್ಬನ್ ಸವೆದಿದೆ ಅಂತ ಅರ್ಥ. ನಾಬ್ ಕೂರುವ ಕಡ್ಡಿ, ಅಂದರೆ ಶಾಫ್ಟ್, ಅಲ್ಲಾಡುತ್ತಿದ್ದರೂ ಆಯುಸ್ಸು ಮುಗಿಯಿತು.

ಇನ್ನೊಂದು ಪರೀಕ್ಷೆ ಇದೆ, ದಯವಿಟ್ಟು ಬಿಡಬೇಡಿ. ಗಿಟಾರ್ ಅನ್ನು ಬೇರೆ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ನೇರವಾಗಿ, ಪೆಡಲ್ ಏನೂ ಇಲ್ಲದೆ ಹಾಕಿ ನೋಡಿ. ಅಲ್ಲಿ ಕರಕರ ಇಲ್ಲ ಅಂದರೆ ತಪ್ಪು ಪಾಟ್‌ನದಲ್ಲ. ಮೊದಲಿನ ಆಂಪ್ ಅಥವಾ ಪೆಡಲ್‌ನಲ್ಲಿ ಕೆಪಾಸಿಟರ್ ಒಂದು ಹಾಳಾಗಿ ಡಿಸಿ ವೋಲ್ಟೇಜ್ ಗಿಟಾರ್ ಕಡೆಗೆ ಸೋರುತ್ತಿರಬಹುದು. ಅಂಥ ಜಾಗಕ್ಕೆ ಎಷ್ಟು ಒಳ್ಳೆಯ ಪಾಟ್ ಹಾಕಿದರೂ ಕರಕರ ಅನ್ನುತ್ತಲೇ ಇರುತ್ತದೆ.

250ಕೆ, 500ಕೆ, 1 ಮೆಗ್: ನನ್ನ ಗಿಟಾರ್‌ಗೆ ಯಾವುದು?

ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ, ಎರಡು ಸುರುಳಿಯ ಹಂಬಕರ್ ಪಿಕಪ್‌ಗೆ 500ಕೆ. ಕೆ ಅಂದರೆ ಕಿಲೋ ಓಮ್, ಮೆಗ್ ಅಂದರೆ ಸಾವಿರ ಕಿಲೋ ಓಮ್. ಅವಸರದಲ್ಲಿ ಇದ್ದರೆ ಇಷ್ಟು ಸಾಕು. ಆದರೆ ಯಾಕೆ ಅಂತ ತಿಳಿದರೆ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಪಿಕಪ್ ಅಂದರೆ ಸಾವಿರಾರು ಸುತ್ತಿನ ತಂತಿ. ಅದಕ್ಕೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ, ಇದೆ: ಸ್ಟ್ರಾಟ್ ಮಾದರಿಯ ಪಿಕಪ್‌ಗೆ ಸುಮಾರು 2ರಿಂದ 2.5 ಹೆನ್ರಿ, ಹಳೆ ಮಾದರಿಯ ಹಂಬಕರ್‌ಗೆ 4ರಿಂದ 5 ಹೆನ್ರಿ. ನೀವು ಚುಚ್ಚುವ ಕೇಬಲ್‌ಗೆ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಗುಣ, ಇದೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಇವೆರಡೂ ಸೇರಿ ಒಂದು ಕಡೆ ಅನುರಣಿಸುತ್ತವೆ. ಐದು ಮೀಟರ್ ಕೇಬಲ್ ಇದ್ದರೆ ಸ್ಟ್ರಾಟ್‌ನಲ್ಲಿ ಅದು ಸುಮಾರು 4 ಕಿಲೋಹರ್ಟ್ಸ್ ಹತ್ತಿರ, ಹಂಬಕರ್‌ನಲ್ಲಿ 3 ಕಿಲೋಹರ್ಟ್ಸ್ ಹತ್ತಿರ. ಅಲ್ಲಿ ಸದ್ದು ಒಂದು ಗುಡ್ಡದ ಹಾಗೆ ಏಳುತ್ತದೆ. ಸ್ಟ್ರಾಟ್‌ನ ಗಾಜಿನಂಥ ಹೊಳಪು, ಹಂಬಕರ್‌ನ ದಪ್ಪ ದನಿ, ಎರಡರ ಗುಟ್ಟೂ ಬಹುಪಾಲು ಆ ಗುಡ್ಡವೇ.

ಗುಡ್ಡ ಎಷ್ಟು ಎತ್ತರ ಇರಬೇಕು ಅಂತ ಹೇಳುವುದು ಪಾಟ್. ಕಡಿಮೆ ಓಮ್ ಅಂದರೆ ಜಾಸ್ತಿ ಭಾರ, ಗುಡ್ಡ ತಗ್ಗುತ್ತದೆ. ಜಾಸ್ತಿ ಓಮ್ ಅಂದರೆ ಗುಡ್ಡ ಚೂಪಾಗಿ ಏಳುತ್ತದೆ. 250ರ ವಾಲ್ಯೂಮ್, 250ರ ಟೋನ್ ಎರಡೂ ಪ್ಯಾರಲಲ್ ಆಗಿ, ಅಕ್ಕಪಕ್ಕದ ಎರಡು ದಾರಿಗಳ ಹಾಗೆ, ಕೂತಿರುವುದರಿಂದ ಪಿಕಪ್‌ಗೆ ಕಾಣುವುದು 125ಕೆ. ಆಂಪ್‌ನ 1 ಮೆಗ್ ಇನ್‌ಪುಟ್ ಸೇರಿದರೆ 111ಕೆ. 500ರ ಜೋಡಿಯಲ್ಲಿ ಅದೇ ಲೆಕ್ಕ 200ಕೆ ಆಗುತ್ತದೆ.

ಈ ಲೆಕ್ಕ ಗೊತ್ತಾದರೆ ಸ್ಟ್ರಾಟ್‌ನ ಬ್ರಿಡ್ಜ್ ಪಿಕಪ್ (ತಂತಿಗಳು ಮೈ ಮೇಲೆ ಕೂರುವ ಬ್ರಿಡ್ಜ್‌ನ ಪಕ್ಕದ್ದು) ಯಾಕೆ ಕಿವಿಗೆ ಚುಚ್ಚುತ್ತದೆ ಅನ್ನುವುದೂ ಅರ್ಥವಾಗುತ್ತದೆ. 1954ರ ಮೂಲ ವೈರಿಂಗ್‌ನಲ್ಲಿ ಎರಡು ಟೋನ್ ನಾಬ್ ಇವೆ, ಒಂದು ನೆಕ್ ಪಿಕಪ್‌ಗೆ (ಗಿಟಾರ್‌ನ ಕತ್ತಿನ ಪಕ್ಕದ್ದಕ್ಕೆ), ಒಂದು ನಡುವಿನದಕ್ಕೆ. ಬ್ರಿಡ್ಜ್‌ಗೆ ಟೋನ್ ಇಲ್ಲವೇ ಇಲ್ಲ. ಹಾಗಾಗಿ ಅದರ ಮೇಲೆ ಭಾರ ಕಡಿಮೆ, ಆಂಪ್ ಸೇರಿಸಿದರೂ 200ಕೆ. ಪಾಟ್ ಬದಲಾಯಿಸಲು ಹೇಗೂ ಬಿಚ್ಚಿದ್ದೀರಲ್ವಾ, ಎರಡನೇ ಟೋನ್‌ನಿಂದ ಬ್ರಿಡ್ಜ್‌ಗೂ ಒಂದು ಸಣ್ಣ ವೈರ್ ಎಳೆಯಿರಿ. ಹೊಸ ಪಿಕಪ್‌ಗೆ ದುಡ್ಡು ಹಾಕುವ ಮುಂಚೆ ಇದನ್ನು ಮಾಡಿ ನೋಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಂಬಕರ್‌ಗೆ 250 ಹಾಕಿದರೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಸಿಂಗಲ್ ಕಾಯಿಲ್‌ಗೆ 500 ಹಾಕಿದರೆ ಕೆಲವರಿಗೆ ಇಷ್ಟ, ಬಹಳ ಜನರಿಗೆ ಹಲ್ಲು ಜುಂ ಅನ್ನುತ್ತದೆ. ಪಿ-90 ಅನ್ನುವ ತನ್ನ ಸಿಂಗಲ್ ಕಾಯಿಲ್ ಪಿಕಪ್‌ಗೆ ಗಿಬ್ಸನ್ ಹಾಕುತ್ತಿದ್ದದ್ದು 500. ಬ್ರಿಡ್ಜ್ ಪಿ-90 ತೀಕ್ಷ್ಣ ಅನ್ನಿಸಿದರೆ ಅಲ್ಲಿ ಮಾತ್ರ 300ರ ಹತ್ತಿರ ಇಳಿಯಬಹುದು.

ಆ ಕಾಲದಲ್ಲಿ ನಿಜವಾಗಿ ಏನು ಹಾಕುತ್ತಿದ್ದರು?

ಎಲ್ಲ ಕಾಲಕ್ಕೂ ಒಂದೇ ಉತ್ತರ ಇಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಫೆಂಡರ್ ತನ್ನ ಸ್ಟ್ರಾಟ್‌ಗೆ 250ಕೆ ಹಾಕಿತು. 1958ರ ಜಾಝ್‌ಮಾಸ್ಟರ್, 1962ರ ಜಾಗ್ವಾರ್‌ಗೆ ಬಂದಾಗ 1 ಮೆಗ್‌ಗೆ ಏರಿತು. ಈ ಎರಡರ ಮೇಲ್ಗಡೆ ಇರುವ ರಿದಮ್ ಸರ್ಕಿಟ್‌ನ ಟೋನ್ ಮಾತ್ರ ಬರೀ 50ಕೆ, ಅದಕ್ಕೇ ಆ ಸ್ವಿಚ್ ಹಾಕಿದ ಕೂಡಲೇ ಸದ್ದು ಮೆತ್ತಗಾಗುತ್ತದೆ. ಜಾಝ್‌ಮಾಸ್ಟರ್ ಮಾದರಿಗೆ ಪಾಟ್ ಕೊಳ್ಳುವವರು ಸಿಂಗಲ್ ಕಾಯಿಲ್ ಅಲ್ವಾ ಅಂದುಕೊಂಡು 250 ತರುತ್ತಾರೆ, ಆಮೇಲೆ ಆ ಗಿಟಾರ್‌ನ ಗುಣವೇ ಹೋಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. 1960ರ ದಶಕದ ಕೊನೆಗೆ ಟೆಲಿಕಾಸ್ಟರ್‌ಗೂ 1 ಮೆಗ್ ಬಂತು. ಆ ಕಾಲದ ಟೆಲಿ ಯಾಕೆ ಅಷ್ಟು ಚುರುಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಮಿಷಿಗನ್‌ನ ಕಲಮಜೂನಲ್ಲಿ ಗಿಬ್ಸನ್ 1950ರ ದಶಕದ ಲೆಸ್ ಪಾಲ್‌ಗಳಿಗೆ 500ಕೆ ಹಾಕುತ್ತಿತ್ತು. 1970ರ ದಶಕದ ಬಹಳಷ್ಟು ಗಿಬ್ಸನ್‌ಗಳಲ್ಲಿ 300ಕೆ ವಾಲ್ಯೂಮ್, 100ಕೆ ಟೋನ್ ಸಿಗುತ್ತವೆ. ಆ ಕಾಲದ ಗಿಟಾರ್ ಕೈಗೆ ಬಂದು ಮಂಕಾಗಿ ಕೇಳಿಸಿದರೆ ಪಿಕಪ್ ಬೈಯಬೇಡಿ, ಹಿಂದಿನ ಮುಚ್ಚಳ ತೆಗೆದು ನಂಬರ್ ಓದಿ. ಹೀಗಾಗಿ ವಿಂಟೇಜ್ ಪಾಟ್ ಎಷ್ಟು ಓಮ್ ಅಂತ ಕೇಳುವಾಗ ಯಾವ ವರ್ಷದ ವಿಂಟೇಜ್ ಅಂತಲೂ ಹೇಳಬೇಕು.

500 ಅಂತ ಅಚ್ಚು ಹಾಕಿದ್ದಾರೆ, ಅಳೆದರೆ 430 ಬರುತ್ತದೆ. ನನಗೆ ಮೋಸ ಆಯಿತಾ?

ಇಲ್ಲ. ಸಾಮಾನ್ಯ ಪಾಟ್‌ಗೆ ಆಚೆ ಈಚೆ 20 ಪರ್ಸೆಂಟ್ ವ್ಯತ್ಯಾಸ ಇರಬಹುದು ಅಂತ ತಯಾರಕರೇ ಹೇಳುತ್ತಾರೆ. ಅಂದರೆ 500ರದ್ದು 400ರಿಂದ 600ರ ನಡುವೆ ಎಲ್ಲಿದ್ದರೂ ಸರಿ. 250ರದ್ದು 200ರಿಂದ 300. ಒಂದು ಕಡಿಮೆ ಬಂದ 500ಕ್ಕೂ ಜಾಸ್ತಿ ಬಂದ 250ಕ್ಕೂ ಕೊನೆಗೆ ಇರುವ ಅಂತರ ನೂರೇ ಕಿಲೋ ಓಮ್ ಆಗಬಹುದು! ಕಂಪನಿ ಹೆಸರಿಗಿಂತ ಮೀಟರ್ ಮುಖ್ಯ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಇಬ್ಬರು ಒಂದೇ ಕಂಪನಿಯ ಪಾಟ್ ಹಾಕಿ ಒಬ್ಬರು ಅದ್ಭುತ, ಒಬ್ಬರು ಮಂಕು ಅಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. 10 ಪರ್ಸೆಂಟ್ ಒಳಗಿನ ಪಾಟ್‌ಗಳೂ ಸಿಗುತ್ತವೆ, ಬೆಲೆ ಸ್ವಲ್ಪ ಜಾಸ್ತಿ.

ಒಂದು ಸಲ ಲೆಸ್ ಪಾಲ್ ಮಾದರಿಯ ಗಿಟಾರ್‌ಗೆ ನಾಲ್ಕು ಪಾಟ್ ತರಿಸಿದ್ದೆ. ನಾಲ್ಕಕ್ಕೂ 500 ಅಂತಲೇ ಅಚ್ಚು. ಅಳೆದರೆ 418, 446, 492, 531. ಮೊದಲು ಬೇಜಾರಾಯಿತು, ಆಮೇಲೆ ಇದು ಅನುಕೂಲವೇ ಅನ್ನಿಸಿತು. ಮಬ್ಬಾಗಿ ಕೇಳುವ ನೆಕ್ ಪಿಕಪ್‌ನ ವಾಲ್ಯೂಮ್‌ಗೆ 531, ಟೋನ್‌ಗೆ 492. ಚುರುಕಾದ ಬ್ರಿಡ್ಜ್‌ಗೆ ಉಳಿದ ಎರಡು. ಆ ಗಿಟಾರ್‌ನಲ್ಲಿ ಎರಡು ಪಿಕಪ್ ಅಷ್ಟು ಚೆನ್ನಾಗಿ ಹೊಂದಿದ್ದು ಅದೇ ಮೊದಲು. ಆದ್ದರಿಂದ ಸಾಧ್ಯವಾದರೆ ಬೇಕಾದ್ದಕ್ಕಿಂತ ಒಂದೆರಡು ಹೆಚ್ಚಿಗೆ ತಂದು, ಅಳೆದು, ಹಂಚಿ.

ಅಳೆಯುವುದು ಹೇಗೆ?

ಮಲ್ಟಿಮೀಟರ್ ಅನ್ನು ಓಮ್‌ಗೆ ಇಡಿ, ಒಂದು ಮೆಗ್ ತನಕ ಓದುವ ರೇಂಜ್ ಇರಲಿ. ಎರಡು ಕೊನೆಯ ಕಾಲುಗಳಿಗೆ ಕಡ್ಡಿ ಮುಟ್ಟಿಸಿ. ಬಂದದ್ದೇ ಪಾಟ್‌ನ ನಿಜವಾದ ಓಮ್. ಮುಟ್ಟಿಸುವಾಗ ಎರಡೂ ಕೈಯ ಬೆರಳು ಲೋಹಕ್ಕೆ ತಾಗಬಾರದು, ಮೈಯ ರೆಸಿಸ್ಟೆನ್ಸ್ ಸೇರಿ ಲೆಕ್ಕ ಕೆಡುತ್ತದೆ.

ಗಿಟಾರ್ ಒಳಗೇ ಇರುವ ವಾಲ್ಯೂಮ್ ಪಾಟ್ ಅಳೆದು ‘ಏಳೇ ಕಿಲೋ ಓಮ್ ಇದೆ, ಸತ್ತಿದೆ’ ಅಂತ ಗಾಬರಿಯಾಗುವವರು ಬಹಳ. ಅದು ಪಿಕಪ್‌ನ ರೆಸಿಸ್ಟೆನ್ಸ್. ಪಾಟ್ ಅಳೆಯಬೇಕಾದರೆ ಪಿಕಪ್‌ನ ವೈರ್ ಬಿಡಿಸಲೇಬೇಕು.

ಎ ಅಂದರೇನು, ಬಿ ಅಂದರೇನು? 504, 254 ಅಂತಲೂ ಇದೆಯಲ್ಲ?

504 ಅಂದರೆ 50ರ ಮುಂದೆ ನಾಲ್ಕು ಸೊನ್ನೆ, ಅಂದರೆ 500ಕೆ. 254 ಅಂದರೆ 250ಕೆ. 105 ಅಂದರೆ 1 ಮೆಗ್.

ಎ, ಬಿ ಅನ್ನುವುದು ಟೇಪರ್, ಅಂದರೆ ನಾಬ್ ತಿರುಗಿಸಿದ ಹಾಗೆ ಓಮ್ ಬದಲಾಗುವ ರೀತಿ. ಈಗ ಬರುವ ಬಹುತೇಕ ಪಾಟ್‌ಗಳಲ್ಲಿ ಎ ಅಂದರೆ ಆಡಿಯೋ, ಅಂದರೆ ಲಾಗ್. ಬಿ ಅಂದರೆ ಲೀನಿಯರ್. ಯುರೋಪಿನ ಹಳೆ ಪಾಟ್‌ಗಳಲ್ಲಿ ಇದು ಉಲ್ಟಾ ಇರುವುದೂ ಉಂಟು, ಹಾಗಾಗಿ ಅಕ್ಷರ ನಂಬಿ ಕೂರಬೇಡಿ. ಶಾಫ್ಟ್ ಅನ್ನು ಸರಿಯಾಗಿ ಅರ್ಧಕ್ಕೆ ತಿರುಗಿಸಿ, ನಡುವಿನ ಕಾಲಿನಿಂದ ಒಂದೊಂದು ಪಕ್ಕಕ್ಕೂ ಅಳೆಯಿರಿ. ಎರಡೂ ಕಡೆ ಸಮ ಬಂದರೆ ಲೀನಿಯರ್. ಒಂದು ಕಡೆ ಒಟ್ಟಿನಲ್ಲಿ 10ರಿಂದ 20 ಪರ್ಸೆಂಟ್ ಮಾತ್ರ ಬಂದರೆ ಆಡಿಯೋ.

ಕಿವಿ ಸದ್ದನ್ನು ಅಳೆಯುವುದು ಸ್ಕೇಲಿನ ಹಾಗೆ ಅಲ್ಲ. ಸದ್ದು ಅರ್ಧಕ್ಕೆ ಇಳಿಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಲೀನಿಯರ್ ವಾಲ್ಯೂಮ್ ಅನ್ನು ಅರ್ಧಕ್ಕೆ ತಂದರೆ 6 ಡೆಸಿಬೆಲ್ ಅಷ್ಟೇ ಇಳಿಯುತ್ತದೆ. ಆಮೇಲೆ ಕೆಳಗಿನ ಕೊನೆಯ ಸ್ವಲ್ಪ ಜಾಗದಲ್ಲಿ ಎಲ್ಲಾ ಒಟ್ಟಿಗೆ ಕುಸಿಯುತ್ತದೆ. ಆಡಿಯೋ ಪಾಟ್ ಅರ್ಧದಲ್ಲಿ 14ರಿಂದ 20 ಡೆಸಿಬೆಲ್ ಇಳಿಸುತ್ತದೆ, ಅದಕ್ಕೇ ಬೆರಳಿಗೆ ಸಮವಾಗಿ ಏರಿಳಿದ ಹಾಗೆ ಅನ್ನಿಸುತ್ತದೆ. ಕಿರುಬೆರಳಲ್ಲಿ ವಾಲ್ಯೂಮ್ ಏರಿಸುತ್ತಾ ಸ್ವರವನ್ನು ಪಿಟೀಲಿನ ಹಾಗೆ ಅರಳಿಸುವವರಿಗೆ ಆಡಿಯೋ ಬಿಟ್ಟು ಬೇರೆ ಹೇಳಲಾರೆ. ಡ್ರೈವ್ (ಸದ್ದು ಒಡೆದು ಒರಟಾಗುವ ಹಾಗೆ ಮಾಡುವುದು) ಜಾಸ್ತಿ ಇಟ್ಟುಕೊಂಡು 10ರಿಂದ 7ಕ್ಕೆ ಇಳಿಸಿ ಸ್ವಲ್ಪವೇ ಶುದ್ಧ ಮಾಡಿಕೊಳ್ಳುವವರಿಗೆ ಲೀನಿಯರ್ ಇಷ್ಟವಾಗಬಹುದು. ಟೋನ್‌ಗಂತೂ ಆಡಿಯೋನೇ ಸರಿ. ಲೀನಿಯರ್ ಹಾಕಿದರೆ 10ರಿಂದ 3ರ ತನಕ ಏನೂ ಆಗದೆ, ಆಮೇಲೆ ಒಮ್ಮೆಗೇ ಮುಚ್ಚಿಹೋಗುತ್ತದೆ.

ನನ್ನದು ಎಡಗೈ ಗಿಟಾರ್. ಏನಾದರೂ ಬೇರೆ ಬೇಕಾ?

ಹೌದು. ನಾಬ್ ಉಲ್ಟಾ ದಿಕ್ಕಿಗೆ ತಿರುಗಬೇಕು ಅಂತಿದ್ದರೆ ಸಿ ಅಕ್ಷರದ ರಿವರ್ಸ್ ಆಡಿಯೋ ಪಾಟ್ ಬೇಕು. ಸಾಮಾನ್ಯ ಆಡಿಯೋ ಪಾಟ್‌ನ ಕೊನೆಯ ಎರಡು ಕಾಲು ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ, ಆದರೆ ಟೇಪರ್ ತಲೆಕೆಳಗಾಗಿ ಇಡೀ ವಾಲ್ಯೂಮ್ ಒಂದು ತುದಿಯಲ್ಲಿ ಕಿಕ್ಕಿರಿಯುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ತೂತಿಗೆ ಕೂರುತ್ತದಾ ಅಂತ ಕೊಳ್ಳುವ ಮುಂಚೆ ತಿಳಿಯುವುದು ಹೇಗೆ?

ನಮ್ಮಲ್ಲಿ ಜಾಸ್ತಿ ಜನ ಎಡವುವ ಜಾಗ ಇದು. ಅಮೆರಿಕದ ಮಾದರಿಯ ಪಾಟ್‌ಗೆ ನಟ್ ಕೂರುವ ಥ್ರೆಡ್ ಇರುವ ಕೊಳವೆ, ಅಂದರೆ ಬುಷಿಂಗ್, 3/8 ಇಂಚು, ಅಂದರೆ ಸುಮಾರು 9.5 ಎಂಎಂ ಅಗಲ. ಚೀನಾ, ಇಂಡೋನೇಷ್ಯಾದಲ್ಲಿ ತಯಾರಾದ ಬಹಳಷ್ಟು ಗಿಟಾರ್‌ಗಳಲ್ಲಿ ಅದು 7 ಅಥವಾ 8 ಎಂಎಂ. ನಮ್ಮ ಊರಲ್ಲಿ ಓಡಾಡುವ ಹಳೆ ಮಾದರಿಯ ಗಿಟಾರ್‌ಗಳಲ್ಲಿ ಅವೇ ಜಾಸ್ತಿ. ಒಳ್ಳೆಯ ಪಾಟ್ ಅಂತ ದುಡ್ಡು ಕೊಟ್ಟು ತಂದು, ತೂತಿಗೆ ತೂರಿಸಲಾಗದೆ ಕೂರುವುದು ಬೇಡ. ಹಳೆ ಪಾಟ್‌ನ ನಟ್ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಇಟ್ಟು ಬುಷಿಂಗ್‌ನ ಅಗಲ, ಉದ್ದ, ಶಾಫ್ಟ್‌ನ ದಪ್ಪ, ಡಬ್ಬಿಯ ಅಗಲ, ನಾಲ್ಕೂ ಬರೆದುಕೊಳ್ಳಿ. ಡಬ್ಬಿ 16 ಎಂಎಂನ ಚಿಕ್ಕದಾ, 24 ಎಂಎಂನ ದೊಡ್ಡದಾ ಅನ್ನುವುದು ಸದ್ದಿಗೆ ಸಂಬಂಧಪಡುವುದಿಲ್ಲ. ಕುಳಿಯಲ್ಲಿ ಜಾಗ ಇದೆಯಾ ಅನ್ನುವುದಕ್ಕೆ ಸಂಬಂಧಪಡುತ್ತದೆ.

ಉದ್ದವೂ ಮುಖ್ಯ. ಸ್ಟ್ರಾಟ್‌ನ ಪ್ಲಾಸ್ಟಿಕ್ ಪಿಕ್‌ಗಾರ್ಡ್‌ಗೆ, ಟೆಲಿಯ ಲೋಹದ ತಟ್ಟೆಗೆ 6ರಿಂದ 9.5 ಎಂಎಂನ ಗಿಡ್ಡ ಬುಷಿಂಗ್ ಸಾಕು. ಲೆಸ್ ಪಾಲ್‌ನ ಉಬ್ಬು ಮರ ದಾಟಬೇಕಾದರೆ ಸುಮಾರು 19 ಎಂಎಂನ ಉದ್ದದ್ದು ಬೇಕಾಗಬಹುದು. ಮರದ ದಪ್ಪಕ್ಕೆ ವಾಷರ್, ನಟ್ ಸೇರಿಸಿ ಲೆಕ್ಕ ಹಾಕಿ.

ಗಿಬ್ಸನ್‌ನ ಅರ್ಧ ಟೊಳ್ಳು ಗಿಟಾರ್ ಇಎಸ್-335 ಮಾದರಿಯಲ್ಲಿ ಹಿಂದೆ ಮುಚ್ಚಳವೇ ಇರುವುದಿಲ್ಲ, ಎಲ್ಲವೂ ಎಫ್ ಆಕಾರದ ತೂತಿನಿಂದಲೇ ಒಳಗೆ ಹೋಗಬೇಕು. ಹಳೆ ಪಾಟ್ ಎಳೆಯುವ ಮುಂಚೆ ಪ್ರತಿ ಶಾಫ್ಟ್‌ಗೂ ಗಟ್ಟಿ ದಾರ ಕಟ್ಟಿ, ಇಲ್ಲವೇ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ರಬ್ಬರ್ ಪೈಪ್ ಸಿಗಿಸಿ. ಹೊಸದನ್ನು ಅದೇ ದಾರಿಯಲ್ಲಿ ವಾಪಸ್ ಎಳೆದುಕೊಳ್ಳಬಹುದು. ತಾಳ್ಮೆ ಇಲ್ಲದ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ.

ತೂತು ಚಿಕ್ಕದು. ಡ್ರಿಲ್ ಮಾಡಿ ದೊಡ್ಡದು ಮಾಡಲಾ?

ಬಣ್ಣ ಹಚ್ಚಿದ ಮರಕ್ಕೆ ನೇರವಾಗಿ ಡ್ರಿಲ್ ಬೇಡವೇ ಬೇಡ. ನನ್ನ ಗೆಳೆಯನೊಬ್ಬನ ಗಿಟಾರ್‌ಗೆ ಒಂದು ರಿಪೇರಿ ಅಂಗಡಿಯಲ್ಲಿ ಹೀಗೆ ಮಾಡಿ, ಬಿಟ್ ಕಚ್ಚಿಕೊಂಡು ತೂತಿನ ಸುತ್ತ ನಾಣ್ಯದಗಲ ಬಣ್ಣ ಎದ್ದು ಬಂತು. ನಾಬ್ ಹಾಕಿದರೂ ಮುಚ್ಚುವುದಿಲ್ಲ. ಅವನ ಮುಖ ನನಗೆ ಇನ್ನೂ ನೆನಪಿದೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಕೈಯಲ್ಲಿ ತಿರುಗಿಸುವ ಮೊನಚು ರೀಮರ್‌ನಿಂದ ನಿಧಾನವಾಗಿ ಅಗಲ ಮಾಡಿ. ಪಿಕ್‌ಗಾರ್ಡ್ ಆದರೆ ದುಂಡನೆಯ ಅರವೇ ಸಾಕು. ಇನ್ನೂ ಒಳ್ಳೆಯ ದಾರಿ ಅಂದರೆ ತೂತು ಮುಟ್ಟದೆ, 8 ಎಂಎಂ ಬುಷಿಂಗ್ ಇರುವ 24 ಎಂಎಂ ಪಾಟ್ ಹುಡುಕುವುದು. ಆಲ್ಫಾದಂಥ ಕಂಪನಿಗಳು ಮಾಡುತ್ತವೆ, ಕೆಲಸವೂ ಚೆನ್ನಾಗಿರುತ್ತದೆ.

ಹಳೆ ನಾಬ್ ಹೊಸ ಶಾಫ್ಟ್‌ಗೆ ಕೂರುತ್ತಿಲ್ಲ. ಒತ್ತಿ ಹಾಕಲಾ?

ಒತ್ತಬೇಡಿ, ಸೀಳುತ್ತದೆ. ಅಮೆರಿಕದ ಸೀಳು ಶಾಫ್ಟ್‌ಗೆ 24 ಹಲ್ಲು, ಮೆಟ್ರಿಕ್ 6 ಎಂಎಂ ಶಾಫ್ಟ್‌ಗೆ 18 ಹಲ್ಲು. ಒಂದರ ನಾಬ್ ಇನ್ನೊಂದಕ್ಕೆ ಆಗುವುದಿಲ್ಲ. ಟೆಲಿಯ ಲೋಹದ ನಾಬ್‌ಗೆ ಪಕ್ಕದಲ್ಲಿ ಸ್ಕ್ರೂ ಇರುತ್ತದೆ, ಅದಕ್ಕೆ ಬೇಕಾದ್ದು 6.35 ಎಂಎಂನ ಗಟ್ಟಿ ಶಾಫ್ಟ್.

ವಾಲ್ಯೂಮ್ 7ಕ್ಕೆ ಇಳಿಸಿದರೆ ಟ್ರೆಬಲ್ ಹೋಗಿಬಿಡುತ್ತದೆ. ಪಾಟ್ ಬದಲಾಯಿಸಿದರೆ ಸರಿಹೋಗುತ್ತದಾ?

ಪಾಟ್ ಒಂದರಿಂದಲೇ ಪೂರ್ತಿ ಸರಿಹೋಗುವುದಿಲ್ಲ. ವಾಲ್ಯೂಮ್ ಇಳಿಸಿದಾಗ ಪಟ್ಟಿಯ ಒಂದು ಭಾಗ ಸಿಗ್ನಲ್ಲಿನ ದಾರಿಯಲ್ಲಿ ಅಡ್ಡ ಬರುತ್ತದೆ. ಆ ಕಡೆ ಕೇಬಲ್‌ನ ಕೆಪಾಸಿಟೆನ್ಸ್ ಕಾಯುತ್ತಿರುತ್ತದೆ. ಎರಡೂ ಸೇರಿ ಟ್ರೆಬಲ್ ತಿನ್ನುತ್ತವೆ. 500ರ ಪಾಟ್‌ನಲ್ಲಿ ಬೆರಳು ಪಟ್ಟಿಯ ಸರಿ ಮಧ್ಯೆ ಇದ್ದಾಗ, ಐದು ಮೀಟರ್ ಕೇಬಲ್ ಇದ್ದರೆ, ಸುಮಾರು 2.5 ಕಿಲೋಹರ್ಟ್ಸ್‌ನಿಂದಲೇ ಇಳಿತ ಶುರು. 250ರಲ್ಲಿ ಸುಮಾರು 5 ಕಿಲೋಹರ್ಟ್ಸ್‌ನಿಂದ. ಪೂರ್ತಿ ತೆರೆದಾಗ ಹೊಳಪು ಕೊಡುವ ದೊಡ್ಡ ಪಾಟ್ ಇಳಿಸಿದಾಗ ಜಾಸ್ತಿ ಕಳೆಯುತ್ತದೆ.

ಎರಡು ಮದ್ದು ಇವೆ. ಮೊದಲನೆಯದು ಟ್ರೆಬಲ್ ಬ್ಲೀಡ್: ವಾಲ್ಯೂಮ್‌ನ ಪಿಕಪ್ ಕಾಲಿಗೂ ನಡುವಿನ ಕಾಲಿಗೂ 1 ನ್ಯಾನೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150ಕೆ ರೆಸಿಸ್ಟರ್. ಕೆಪಾಸಿಟರ್ ಒಂದನ್ನೇ ಹಾಕಿದರೆ ಕಡಿಮೆ ವಾಲ್ಯೂಮ್‌ನಲ್ಲಿ ಸದ್ದು ತೆಳ್ಳಗಾಗುತ್ತದೆ. ಎರಡನೆಯದು ಐವತ್ತರ ದಶಕದ ವೈರಿಂಗ್: ಟೋನ್‌ನ ವೈರ್ ಅನ್ನು ಪಿಕಪ್ ಬರುವ ಕಾಲಿನಿಂದ ಬಿಡಿಸಿ ವಾಲ್ಯೂಮ್‌ನ ನಡುವಿನ ಕಾಲಿಗೆ ಹಾಕುವುದು. ಖರ್ಚು ಏನೂ ಇಲ್ಲ. ವಾಲ್ಯೂಮ್, ಟೋನ್ ಒಂದನ್ನೊಂದು ಎಳೆದಾಡುತ್ತವೆ, ಅದಕ್ಕೆ ಒಂದು ವಾರ ಬೇಕು ಹೊಂದಿಕೊಳ್ಳಲು. ಲೆಸ್ ಪಾಲ್ ಮಾದರಿಯಲ್ಲಿ ನನಗೆ ಎರಡನೆಯದೇ ಇಷ್ಟ.

ಕೆಪಾಸಿಟರ್ ಕೂಡ ಬದಲಾಯಿಸಬೇಕಾ? ಹಳೆ ಪೇಪರ್ ಆಯಿಲ್‌ನದು (ಎಣ್ಣೆ ಕಾಗದ ಬಳಸಿದ್ದು) ತರಲಾ?

ಅದರ ಮೈಕ್ರೋಫ್ಯಾರಡ್ ಸರಿಯಿದ್ದರೆ ಬದಲಾಯಿಸುವ ಅಗತ್ಯ ಇಲ್ಲ. ಸಿಂಗಲ್ ಕಾಯಿಲ್‌ಗೆ 0.047, ಹಂಬಕರ್‌ಗೆ 0.022 ಮೈಕ್ರೋಫ್ಯಾರಡ್. ಬೇರೆ ಬೇರೆ ಯಾಕೆ ಅಂದರೆ, ಟೋನ್ ಪೂರ್ತಿ ಮುಚ್ಚಿದಾಗ ಎರಡೂ ತಮ್ಮ ತಮ್ಮ ಪಿಕಪ್ ಜೊತೆ ಸೇರಿ ಹೆಚ್ಚುಕಡಿಮೆ 500 ಹರ್ಟ್ಸ್ ಹತ್ತಿರವೇ ಬಂದು ನಿಲ್ಲುತ್ತವೆ. ಐವತ್ತರ ದಶಕದ ಸ್ಟ್ರಾಟ್‌ನಲ್ಲಿ ಇದ್ದದ್ದು 0.1, ಅದು ಇನ್ನೂ ಕೆಳಗೆ, 325ರ ಆಸುಪಾಸಿಗೆ ಒಯ್ಯುತ್ತದೆ. ಕೆಪಾಸಿಟರ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕಿಂತ ಅದು ಎಷ್ಟು ಮೈಕ್ರೋಫ್ಯಾರಡ್ ಅನ್ನುವುದೇ ಕಿವಿಗೆ ಮುಟ್ಟುತ್ತದೆ. ಆ ದುಡ್ಡನ್ನು ಒಳ್ಳೆಯ ಕೇಬಲ್‌ಗೆ ಹಾಕಿ.

ಎರಡು ಸಿಂಗಲ್ ಕಾಯಿಲ್, ಒಂದು ಹಂಬಕರ್ ಇದೆ, ವಾಲ್ಯೂಮ್ ಒಂದೇ. ಏನು ಮಾಡಲಿ?

500 ಹಾಕಿ. ಸ್ವಿಚ್ ಸಿಂಗಲ್ ಕಾಯಿಲ್‌ಗೆ ಹೋದಾಗ ಮಾತ್ರ ಪಿಕಪ್‌ಗೂ ಗ್ರೌಂಡ್‌ಗೂ ನಡುವೆ ಒಂದು 470ಕೆ ರೆಸಿಸ್ಟರ್ ಬರುವ ಹಾಗೆ ಮಾಡಿ. 500, 470 ಎರಡೂ ಪ್ಯಾರಲಲ್ ಆದರೆ 242ಕೆ. ಸ್ವಿಚ್‌ಗೆ ಎರಡು ಸಾಲು ಕಾಂಟ್ಯಾಕ್ಟ್ ಇದ್ದರೆ ಇದು ಸುಲಭ. ಕೈಯಲ್ಲಿ 500 ಮಾತ್ರ ಇದ್ದು ಸಿಂಗಲ್ ಕಾಯಿಲ್ ಗಿಟಾರ್‌ಗೆ ಹಾಕಬೇಕಾದರೂ ವಾಲ್ಯೂಮ್‌ನ ಎರಡು ಕೊನೆಯ ಕಾಲಿಗೆ ಇದೇ ರೆಸಿಸ್ಟರ್ ಹಾಕಬಹುದು, ಟೇಪರ್ ಕೆಡುವುದಿಲ್ಲ.

ಕೊನೆಗೂ ಯಾವ ಕಂಪನಿ? ಎಸ್.ಪಿ. ರೋಡ್‌ನಲ್ಲಿ ಸಿಗುವುದು ಆಗುತ್ತದಾ?

ಸಿಟಿಎಸ್ ಹೆಸರು ಎಲ್ಲ ಕಡೆ ಕೇಳುತ್ತದೆ. 1896ರಲ್ಲಿ ಷಿಕಾಗೋ ಟೆಲಿಫೋನ್ ಸಪ್ಲೈ ಅಂತ ಶುರುವಾದ ಕಂಪನಿ, ಹಳೆ ಗಿಟಾರ್‌ಗಳಲ್ಲಿ ಅದರ ಪಾಟ್ ಬಹಳ ಸಿಗುತ್ತವೆ. ತಿರುಗಿಸಲು ಸ್ವಲ್ಪ ಬಿಗಿ, ಬಹಳ ಕಾಲ ಬಾಳುತ್ತದೆ. ಬೌರ್ನ್ಸ್ ಹಗುರವಾಗಿ ತಿರುಗುತ್ತದೆ, ಕಿರುಬೆರಳಿನವರಿಗೆ ಹಿತ. ಒಂದೇ ಓಮ್, ಒಂದೇ ಟೇಪರ್ ಇದ್ದರೆ ಕಣ್ಣು ಮುಚ್ಚಿ ಕೇಳಿದಾಗ ಇವುಗಳನ್ನು ಬೇರೆ ಮಾಡಲು ನನ್ನಿಂದ ಆಗಿಲ್ಲ. ಕೈಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಆಂಪ್, ರೇಡಿಯೋ ಕೆಲಸದ ಪಾಟ್‌ಗಳು ಸಿಗುತ್ತವೆ. 500ಕೆ ಲಾಗ್ ಅಂತ ಸರಿಯಾಗಿ ಕೇಳಿ, ಇಲ್ಲದಿದ್ದರೆ ಲೀನಿಯರ್ ಕೈಗೆ ಬರಬಹುದು. ಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ, ಕೌಂಟರ್ ಮೇಲೇ ಅಳೆಯಿರಿ. ಕೆಪಾಸಿಟರ್, ರೆಸಿಸ್ಟರ್, ವೈರ್, ಬೆಸುಗೆಯ ಸೀಸ ಎಲ್ಲಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬೆಸುಗೆ ಹಾಕುವಾಗ ಪಾಟ್ ಸುಟ್ಟುಹೋಗುತ್ತದಂತೆ, ನಿಜವಾ?

ನಿಜ, ಆದರೆ ಸುಡುವುದು ಬಿಸಿ ಜಾಸ್ತಿ ಆದದ್ದಕ್ಕಿಂತ ಹೊತ್ತು ಜಾಸ್ತಿ ಆದದ್ದಕ್ಕೆ. 25 ವಾಟ್‌ನ ಸೂಜಿ ಮೂತಿಯ ಐರನ್ ಅನ್ನು ಪಾಟ್‌ನ ಬೆನ್ನಿಗೆ ಅರ್ಧ ನಿಮಿಷ ಒತ್ತಿಹಿಡಿದರೆ ಸೀಸ ಕರಗುವ ಹೊತ್ತಿಗೆ ಒಳಗಿನ ಪಟ್ಟಿ, ಗ್ರೀಸ್ ಎಲ್ಲ ಬೇಯುತ್ತವೆ. 60 ವಾಟ್, ಅಗಲ ಮೂತಿ ಇರಲಿ. ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, ಮೊದಲು ಒಂದು ಹನಿ ಸೀಸ ಕೂರಿಸಿ, ಆಮೇಲೆ ವೈರ್ ಇಡಿ. ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯಬೇಕು. ಆಗಲಿಲ್ಲ ಅಂದರೆ ಬಿಟ್ಟು, ತಣ್ಣಗಾದ ಮೇಲೆ ಮತ್ತೆ.

ಬಿಚ್ಚುವ ಮುಂಚೆ ಫೋನ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ನನ್ನ ಹತ್ತಿರ ಇರುವುದು ನಿಜಕ್ಕೂ ಹಳೆಯ ಗಿಟಾರ್ ಇರಬಹುದು. ಪಾಟ್ ನೋಡಿ ಹೇಳಬಹುದಾ?

ಬೆನ್ನ ಮೇಲಿನ ಅಂಕಿ ಓದಿ. ಮೊದಲ ಮೂರು ಅಂಕಿ ತಯಾರಕರದ್ದು: 137 ಸಿಟಿಎಸ್, 304 ಸ್ಟ್ಯಾಕ್‌ಪೋಲ್, 134 ಸೆಂಟ್ರಾಲ್ಯಾಬ್. ಆಮೇಲೆ ವರ್ಷ, ವಾರ. 137 6324 ಅಂದರೆ ಸಿಟಿಎಸ್, 1963, 24ನೇ ವಾರ. ಐವತ್ತರ ದಶಕದಲ್ಲಿ ವರ್ಷಕ್ಕೆ ಒಂದೇ ಅಂಕಿ ಹಾಕಿರುವುದು ಸಾಮಾನ್ಯ: 304 425 ಅಂದರೆ 1954ರ 25ನೇ ವಾರ. ಗಿಟಾರ್ ಅದಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ ಅಂತಷ್ಟೇ ಇದು ಹೇಳುತ್ತದೆ. ಫೆಂಡರ್ 1966ರಲ್ಲಿ ಒಟ್ಟಿಗೆ ಬಹಳ ಪಾಟ್ ಕೊಂಡಿದ್ದರಿಂದ 1969ರ ಗಿಟಾರ್‌ನಲ್ಲೂ 1966ರ ಪಾಟ್ ಸಿಗುತ್ತದೆ.

ಅಂಥ ಗಿಟಾರ್ ಆಗಿದ್ದರೆ ಬೆಸುಗೆ ಮುಟ್ಟಬೇಡಿ. ಕಾರ್ಖಾನೆಯ ಬೆಸುಗೆ ಹಾಗೇ ಇರುವುದೇ ಅದರ ಬೆಲೆಯ ಒಂದು ಭಾಗ. ಕ್ಲೀನರ್ ಹಾಕಿ, ತಿರುಗಿಸಿ, ಮುಚ್ಚಿ. ಬದಲಾಯಿಸಲೇಬೇಕು ಅಂದರೆ ಹಳೆ ಗಿಟಾರ್ ಕೆಲಸ ಗೊತ್ತಿರುವವರ ಹತ್ತಿರವೇ ಹೋಗಿ.

ತೆಗೆದ ಹಳೆ ಪಾಟ್ ಏನು ಮಾಡಲಿ?

ಎಸೆಯಬೇಡಿ. ಅಳೆದು, ಎಷ್ಟು ಬಂತು, ಯಾವ ನಾಬ್ ಕೆಳಗೆ ಇತ್ತು, ಯಾವತ್ತು ತೆಗೆದಿರಿ ಅಂತ ಒಂದು ಚೂರು ಟೇಪ್ ಮೇಲೆ ಬರೆದು ಬೆನ್ನಿಗೆ ಅಂಟಿಸಿ. ನಟ್, ವಾಷರ್ ಸಮೇತ ಸಣ್ಣ ಕವರ್‌ಗೆ ಹಾಕಿ ಗಿಟಾರ್ ಕೇಸ್‌ನಲ್ಲೇ ಇಡಿ. ಮುಂದೆ ಆ ಗಿಟಾರ್ ಬೇರೆಯವರ ಕೈಗೆ ಹೋದರೆ ಆ ಕವರೂ ಜೊತೆಗೆ ಹೋಗಲಿ.